ಎಫ್ ತೊಂಬತ್ತೆಂಟು ಪಾಯಿಂಟ್ ಸೊನ್ನೆ

ತಪ್ಪು ತನ್ನದೇ ಎಂದು ಗೊತ್ತಾಗಲು ಶೀತಲ್‌ಗೆ ಚಾರ್ಟ್ ತೆರೆದು ನೋಡಬೇಕಾಗಿಯೂ ಬರಲಿಲ್ಲ. ಬೆಳಿಗ್ಗೆ ಹತ್ತೂವರೆಗೆ ಟೀಮಿನ ಎಲ್ಲರಿಗೂ ಬರುವ ಆಡಿಟ್ ಪಟ್ಟಿಯ ಏಳನೇ ಸಾಲಿನಲ್ಲಿ, ಕೋಡರ್ ಶಿಲ್ಪ, ಹಾಕಿದ ಕೋಡ್ ಎನ್ ಮೂವತ್ತೊಂಬತ್ತು ಪಾಯಿಂಟ್ ನಲವತ್ನಾಲ್ಕು, ಹಾಕಬೇಕಾಗಿದ್ದ ಕೋಡ್ ಎಫ್ ತೊಂಬತ್ತೆಂಟು ಪಾಯಿಂಟ್ ಸೊನ್ನೆ ಎಂದಿದ್ದುದನ್ನು ಓದಿದ ಕೂಡಲೇ ಅವಳ ಕಿಬ್ಬೊಟ್ಟೆಯಲ್ಲಿ ಎಲ್ಲೋ ಒಂದು ಕಡೆ ಬೆಚ್ಚಗಾಗಿ ಹಾಗೇ ತಣ್ಣಗಾಯಿತು, ಕೈ ತಾನಾಗಿಯೇ ಹಿಂದೆ ಹೋಗಿ ಕುರ್ಚಿಯ ಮೆತ್ತೆಯನ್ನು ಮುಟ್ಟಿ ನೋಡಿತು. ಒಣಗಿಯೇ ಇತ್ತು. ಇಪ್ಪತ್ತೆಂಟು ವರ್ಷದವಳು, ಹೆಬ್ಬಾಳದ ಫ್ಲೈಓವರ್ ಕಾಣಿಸುವ ಆರನೇ ಮಹಡಿಯಲ್ಲಿ ನಲವತ್ತು ಜನರ ನಡುವೆ ಕೂತು ಕುರ್ಚಿ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುವುದೆಂದರೆ! ಪಕ್ಕದವರು ಯಾರಾದರೂ ನೋಡಿದರೇನೋ ಎಂದು ಮೊಬೈಲ್ ಹುಡುಕುವವಳಂತೆ ಆ ಕೈಯನ್ನು ಅಲ್ಲೇ ಎರಡು ಸಲ ಆಚೆ ಈಚೆ ಆಡಿಸಿ ಮುಂದಕ್ಕೆ ತಂದಳು. ಕೆಳಗೆ ಫ್ಲೈಓವರಿನ ಮೇಲೆ ಬಸ್ಸುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ನಿಂತಿದ್ದವು. ಅವುಗಳಲ್ಲೊಂದರಲ್ಲಿ ಇಪ್ಪತ್ತು ನಿಮಿಷದ ಹಿಂದೆ ತಾನೂ ಆರ್.ಟಿ. ನಗರದಿಂದ ಕಂಬಿ ಹಿಡಿದು ನಿಂತು ಬಂದಿದ್ದೆ, ಆಗ ತನ್ನ ಮನಸ್ಸಿನಲ್ಲಿ ಏನಿತ್ತು ಎಂದು ನೆನಪಿಸಿಕೊಳ್ಳಲು ನೋಡಿದಳು. ಏನೂ ಇರಲಿಲ್ಲ. ಏನೂ ಇಲ್ಲದೆ ಇರುವುದು ಎಷ್ಟು ದೊಡ್ಡ ಸುಖ ಅನ್ನುವುದು ಆಗ ಗೊತ್ತಿರಲಿಲ್ಲ, ಅಷ್ಟೆ.

ಈ ಕೆಲಸ ಏನೆಂದು ಊರಿನಲ್ಲಿ ತಾಯಿಗೆ ಹೇಳಲು ಹೋಗಿ ಅವಳು ಒಂದು ಸಲ ಸೋತಿದ್ದಳು. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಬರೆದಿಟ್ಟ ಟಿಪ್ಪಣಿ, ಅಂದರೆ ಚಾರ್ಟ್, ಇಲ್ಲಿಗೆ ಬರುತ್ತದೆ, ಹೆಸರಿರುವ ಕಡೆ ಕಪ್ಪು ಪಟ್ಟಿ ಬಳಿದಿರುತ್ತದೆ, ಅದನ್ನು ಓದಿ ಯಾವ ಕಾಯಿಲೆಯೋ ಅದರ ನಂಬರು ಹಾಕಬೇಕು, ಆ ನಂಬರು ನೋಡಿಯೇ ಅಲ್ಲಿನ ವಿಮೆಯವರು ಮುಂದಿನದನ್ನು ನಡೆಸುತ್ತಾರೆ. ‘ಹಂಗಾರ ನೀ ಡಾಕ್ಟರಗಿಂತ ದೊಡ್ಡಾಕಿ ಆದಿ ಬಿಡವಾ’ ಎಂದಿದ್ದಳು ತಾಯಿ. ಇಲ್ಲ, ಡಾಕ್ಟರು ಬರೆದದ್ದನ್ನು ಬಿಟ್ಟು ಒಂದು ಕೂದಲೆಳೆ ಆಚೆಗೂ ಹೋಗುವ ಹಾಗಿಲ್ಲ. ಟ್ರೇನಿಂಗಿನ ಮೊದಲ ದಿನವೇ ತಲೆಗೆ ಹಾಕುವ ಮಾತು ಅದು: ಚಾರ್ಟಿನಲ್ಲಿ ಬರೆದಿಲ್ಲವೆಂದರೆ ಅದು ನಡೆದೇ ಇಲ್ಲ. ಆ ಮಾತು ಕೇಳಿದ ದಿನ ಶೀತಲ್‌ಗೆ ಯಾಕೋ ಹಗುರವಾಗಿತ್ತು, ತನಗೆ ಹೇಳಿ ಮಾಡಿಸಿದ ನೌಕರಿ ಇದು ಅನ್ನಿಸಿತ್ತು. ಹಾಸಿಗೆ ಒದ್ದೆ ಮಾಡಿಕೊಳ್ಳುವುದಕ್ಕೆ ಆ ದಪ್ಪ ಪುಸ್ತಕದಲ್ಲಿ ಎರಡು ಮನೆಗಳಿವೆ. ಎನ್ ಎಂದರೆ ಮೂತ್ರಕೋಶದ ಅಧ್ಯಾಯ, ಅಲ್ಲಿ ಅದು ಕಿಡ್ನಿ ಕಲ್ಲು, ಉರಿಮೂತ್ರಗಳ ನೆರೆಮನೆಯಲ್ಲಿ ಮರ್ಯಾದೆಯಿಂದ ಇರುತ್ತದೆ. ಎಫ್ ಎಂದರೆ ಮನಸ್ಸಿನ ಅಧ್ಯಾಯ, ಅಲ್ಲಿ ಅದು ಭಯ, ಭ್ರಮೆ, ಹುಚ್ಚುಗಳ ಸಾಲಿನಲ್ಲಿ ಕೊನೆಗೆ ಬಂದು ಕೂರುತ್ತದೆ. ದೇಹದಲ್ಲಿ ಕಾರಣವಿಲ್ಲ ಎಂದು ಡಾಕ್ಟರು ಬರೆದರೆ ಎಫ್. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ನಾಲ್ಕು ವರ್ಷದಲ್ಲಿ ಇಂಥ ಎಷ್ಟು ಚಾರ್ಟುಗಳಿಗೆ ಅವಳು ಎಫ್ ಒತ್ತಿಲ್ಲ?

ಹೋದ ಗುರುವಾರ ಮಾತ್ರ ಒತ್ತಲಿಲ್ಲ. ಅದೂ ತನ್ನ ಲಾಗಿನ್‌ನಲ್ಲಿ ಅಲ್ಲ. ಸಂಜೆ ನಾಲ್ಕಕ್ಕೆ ಪಕ್ಕದ ಸೀಟಿನ ಶಿಲ್ಪಗೆ ಡೇಕೇರಿನಿಂದ ಫೋನ್ ಬಂತು, ಮಗಳಿಗೆ ಜ್ವರ, ಹೊರಡಬೇಕು, ದಿನದ ಲೆಕ್ಕಕ್ಕೆ ಇನ್ನೂ ಎಂಟು ಚಾರ್ಟ್ ಬಾಕಿ. ‘ಲಾಗೌಟ್ ಮಾಡಲ್ಲ ಕಣೇ, ನೀನು ಮುಗಿಸ್ಬಿಡು, ದೇವರು ನಿನಗೆ ಒಳ್ಳೇ ಗಂಡು ಕೊಡ್ಲಿ’ ಎಂದು ಬ್ಯಾಗನ್ನು ಹೆಗಲಿಗೆ ಎಸೆದುಕೊಂಡು ಓಡಿದ್ದಳು. ಇದು ಎಲ್ಲರೂ ಮಾಡುವುದು, ಮಾಡುತ್ತೇವೆಂದು ಯಾರೂ ಬಾಯಿಬಿಟ್ಟು ಹೇಳದೇ ಇರುವುದು. ಶೀತಲ್ ಪಕ್ಕದ ಕುರ್ಚಿಗೆ ಸರಿದು ಏಳನ್ನು ಸರಾಗವಾಗಿ ಮುಗಿಸಿದಳು. ಎಂಟನೆಯದು ಒಂಬತ್ತು ವರ್ಷದ ಹುಡುಗಿ. ವಾರಕ್ಕೆ ನಾಲ್ಕು ದಿನ ಹಾಸಿಗೆ ಒದ್ದೆ, ಪರೀಕ್ಷೆಗಳೆಲ್ಲ ಸರಿ, ದೇಹದಲ್ಲಿ ಕಾರಣವಿಲ್ಲ. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು ಆ ಡಾಕ್ಟರು. ಆದರೆ ಅವರು ಇನ್ನೊಂದು ಸಾಲು ಬರೆದಿದ್ದರು: ಹುಡುಗಿ ಯಾವ ಪ್ರಶ್ನೆಗೂ ಉತ್ತರಿಸಲಿಲ್ಲ, ತನ್ನ ಶೂ ನೋಡುತ್ತಾ ಕೂತಿದ್ದಳು. ಯಾರಿಗೆ ಬೇಕಾಗಿತ್ತು ಆ ಸಾಲು? ಯಾವ ನಂಬರಿಗೂ ಬರದ ಸಾಲು. ಅದನ್ನು ಓದಿದ ಮೇಲೆ ಕಪ್ಪು ಪಟ್ಟಿಯ ಹಿಂದೆ ಒಂದು ಮುಖ ಬಂದು ಕೂತಿತು. ಈ ಎಫ್ ಇವಳ ಕಾಗದಗಳಲ್ಲಿ ಇವಳ ಹಿಂದೆಯೇ ದೊಡ್ಡದಾಗುತ್ತದೆ, ಯಾರೋ ಯಾವತ್ತೋ ತೆಗೆದು ಓದುತ್ತಾರೆ ಅನ್ನಿಸಿತು. ಬೆರಳು ಎನ್ ಒತ್ತಿತು. ಒತ್ತಿದ ಮೇಲೆ, ಯಾರದೋ ತಲೆ ಸವರಿದಷ್ಟು ಸಮಾಧಾನವಾಗಿ, ಅವಳು ಕೆಳಗೆ ಹೋಗಿ ಒಂದು ಪ್ಲೇಟು ಗೋಬಿ ತಿಂದು ಮನೆಗೆ ಹೋಗಿದ್ದಳು. ಒಳ್ಳೆಯವಳಾಗುವುದಕ್ಕೂ ತನಗೆ ಇನ್ನೊಬ್ಬಳ ಹೆಸರೇ ಬೇಕಾಯಿತಲ್ಲ ಎಂದು ಈಗ ಏಳನೇ ಸಾಲನ್ನು ನೋಡುತ್ತಾ ಅವಳಿಗೆ ನಾಚಿಕೆಯಾಯಿತು.

ನರೇಂದ್ರ ಅವರ ಟೀಮ್ ಲೀಡು, ಚಿಕ್ಕಜಾಲದ ಹಳೇ ಮನೆತನದವನು, ಇಂಗ್ಲಿಷಿನಲ್ಲಿ ಕಾಲ್ ಮುಗಿಸಿ ಹೆಡ್‌ಫೋನ್ ತೆಗೆದನೆಂದರೆ ನಾಲಿಗೆ ಸೀದಾ ಊರಿಗೆ ಹೋಗುತ್ತದೆ. ಶೀತಲ್ ಅವನ ಟೇಬಲ್ಲಿನ ಮುಂದೆ ಹೋಗಿ ನಿಂತಳು.

‘ಏನ್ ಮೇಡಂ, ಇಂಗ್ ಬಂದು ನಿಂತ್ಕಂಡ್ರೆ ನಂಗೆ ಎದೆ ಡವಡವ ಅಂತದೆ. ಕೆಲ್ಸ ಬಿಡ್ತೀನಿ ಅಂತ ಪೇಪರ್ ಹಾಕಕ್ಕೆ ಬಂದ್ರಾ?’

‘ಇಲ್ಲ ಸರ್. ಶಿಲ್ಪಕ್ಕಂದು ಒಂದು ಎರರ್ ಬಂದಿದೆಯಲ್ಲ...’

‘ಬಂದದೆ. ತೊಂಬತ್ತೈದು ಪರ್ಸೆಂಟಿಗೆ ಕೂದಲೆಳೆ ಕಮ್ಮಿ ಆಯ್ತು. ಮೂರು ತಿಂಗ್ಳು ಸತತ ತೊಂಬತ್ತೈದು ಇದ್ರೆ ವರ್ಕ್ ಫ್ರಮ್ ಹೋಮು. ಇದು ಮೂರ್ನೇ ತಿಂಗ್ಳು. ಪಾಪ, ಲೆಟರ್ ಕೂಡ ರೆಡಿ ಮಾಡಿಸಿದ್ದೆ.’

‘ತಪ್ಪಲ್ಲ ಅಂತ ರಿಬಟಲ್ ಹಾಕಿದ್ರೆ ಸರ್?’

‘ಹಾಕ್ಬೋದು. ಇಪ್ಪತ್ನಾಕ್ ಗಂಟೆ ಟೈಮ್ ಐತೆ. ಆದ್ರೆ ಚಾರ್ಟಲ್ಲಿ ಡಾಕ್ಟ್ರು ನೆಟ್ಟಗೆ ಬರ್ದವ್ರೆ, ಗೆಲ್ಲಲ್ಲ. ಮತ್ತೆ, ಹಾಕಿದ್ರೆ ಏನಾಯ್ತದೆ ಅಂದ್ರೆ’, ನರೇಂದ್ರ ಕುರ್ಚಿಯನ್ನು ಒಂದಿಷ್ಟು ಮುಂದೆ ಎಳೆದುಕೊಂಡ, ‘ಚಾರ್ಟು ಓಪನ್ ಆಗಿದ್ದು ಎಷ್ಟೊತ್ಗೆ ಅಂತ ತೆಗೀತಾರೆ. ಶಿಲ್ಪ ಅವತ್ತು ಗೇಟಲ್ಲಿ ಕಾರ್ಡ್ ತೋರ್ಸಿ ಆಚೆ ಹೋಗಿದ್ದು ಎಷ್ಟೊತ್ಗೆ ಅಂತನೂ ತೆಗೀತಾರೆ.’

ಅವನಿಗೆ ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿಕೊಳ್ಳದೆ ಗೊತ್ತಿರುವುದು ಹೇಗೆ ಎನ್ನುವುದೇ ಅವನ ಅರ್ಧ ನೌಕರಿ.

‘ಸರ್, ಆ ಚಾರ್ಟು ನಾ...’

‘ಮೇಡಂ, ಟೀ ಕುಡುದ್ರಾ?’

‘ಇಲ್ಲ.’

‘ಕುಡ್ಕೊಂಬನ್ನಿ. ನೀವು ಏನೋ ಹೇಳಕ್ಕೆ ಬಂದ್ರಿ, ನಾನು ಕಾಲ್‌ನಲ್ಲಿದ್ದೆ, ಕೇಳಿಸ್ಕಂಡಿಲ್ಲ. ಲಾಗಿನ್ ಕೊಟ್ಟೋರೂ ಮನೇಗೆ, ಇಸ್ಕಂಡೋರೂ ಮನೇಗೆ, ಗೊತ್ತಿದ್ದೂ ಸುಮ್ಕಿದ್ದ ಲೀಡೂ ಮನೇಗೆ. ಮೂರ್ ಜನ ಮನೇಲಿ ಕೂತ್ಕಂಡು ಸತ್ಯ ಸತ್ಯ ಅಂತ ಭಜನೆ ಮಾಡನಾ?’ ಎಂದು ನಕ್ಕು ಹೆಡ್‌ಫೋನನ್ನು ಕಿವಿಗೆ ಏರಿಸಿದ. ಅತ್ತ ಕಡೆ ಯಾರೂ ಇರಲಿಲ್ಲ, ಪರದೆಯ ಮೇಲೆ ಯಾವ ಕಾಲೂ ಇರಲಿಲ್ಲ.

ಶೀತಲ್ ಟೀ ಕುಡಿಯಲು ಹೋಗಲಿಲ್ಲ. ತನ್ನ ಕುರ್ಚಿಗೆ ಬಂದು ಒಂದು ಚಾರ್ಟ್ ತೆರೆದಳು, ಯಾರದೋ ಮೊಣಕಾಲು. ಅವಳಿಗೆ ಅವಮಾನವಾಗಿತ್ತು, ಆದರೆ ಅವಮಾನದ ಅಡಿಯಲ್ಲಿ ಒಂದು ತೆಳುವಾದ ನಿರಾಳ ಹರಿಯುತ್ತಿರುವುದೂ ಗೊತ್ತಾಗುತ್ತಿತ್ತು. ಹೇಳಲು ಹೋಗಿದ್ದೆ, ಅವರೇ ಬೇಡವೆಂದರು. ಈಗ ಬರೆದಿಟ್ಟು ಹೇಳಿದರೆ ಶಿಲ್ಪಕ್ಕನ ಕೆಲಸಕ್ಕೇ ಕುತ್ತು, ಆದ್ದರಿಂದ ಹೇಳದೇ ಇರುವುದೇ ಅವಳಿಗೆ ಮಾಡುವ ಉಪಕಾರ. ಎಷ್ಟು ಚೆನ್ನಾಗಿ ಕೂಡಿಬರುತ್ತಿದೆ! ಎಲ್ಲವೂ ಹೀಗೆ ತನಗೆ ಅನುಕೂಲವಾಗಿ ಕೂಡಿಬಂದಾಗಲೆಲ್ಲ ಹೆದರಬೇಕು ಎಂದು ಅವಳಿಗೆ ಹನ್ನೊಂದನೇ ವಯಸ್ಸಿನಲ್ಲೇ ಗೊತ್ತಾಗಿತ್ತು. ಊರ ಕಡೆಯ ಹಾಸ್ಟೆಲಿನ ಉದ್ದನೆಯ ಹಾಲ್, ಜಮಖಾನದ ಮೇಲೆ ಸಾಲಾಗಿ ಮೂವತ್ತಾರು ಹುಡುಗಿಯರು, ಕಿಟಕಿಯಲ್ಲಿ ಇನ್ನೂ ಬೆಳಕು ಹುಟ್ಟಿರಲಿಲ್ಲ. ಮೊದಲು ಬೆಚ್ಚಗೆ, ಆಮೇಲೆ ತಣ್ಣಗೆ, ಆ ತಣ್ಣಗಿನಿಂದಲೇ ಎಚ್ಚರ. ಆ ವಾರ ವಾರ್ಡನ್ ಅಕ್ಕೋರು ಹೇಳಿದ್ದರು, ಇನ್ನೊಂದು ಸಲ ಆದರೆ ಯಾರು ಮಾಡಿದರೋ ಅವರ ಹಾಸಿಗೆಯನ್ನು ಪ್ರಾರ್ಥನೆಯ ಹೊತ್ತಿಗೆ ಬಾವುಟ ಏರಿಸುವ ಕೊಡಿಕಂಬದ ಪಕ್ಕ ಒಣಹಾಕುತ್ತೇನೆ ಎಂದು. ಪಕ್ಕದಲ್ಲಿ ಸಂಗವ್ವ. ನಿದ್ದೆಯಲ್ಲಿ ಮಕ್ಕಳು ಎಷ್ಟು ಭಾರ, ಎಷ್ಟು ಹಗುರ. ಹೆಗಲಿಗೆ ಒಂದು ಕೈ, ಸೊಂಟಕ್ಕೆ ಒಂದು ಕೈ ಕೊಟ್ಟು ಉರುಳಿಸಿದರೆ ಸಂಗವ್ವ ‘ಹ್ಞೂಂ’ ಎಂದು ಒದ್ದೆಯ ಮೇಲೆ ಬಂದು ಮಲಗಿದಳು. ಶೀತಲ್ ಟ್ರಂಕಿನಿಂದ ಒಣ ಲಂಗ ತೆಗೆದು ಉಟ್ಟು, ಸಂಗವ್ವನ ಮೈಯ ಬಿಸಿ ಇನ್ನೂ ಆರಿರದ ಜಾಗದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಲಗಿ ನಿದ್ದೆಯನ್ನೂ ಮಾಡಿದಳು. ಅದನ್ನು ಮಾತ್ರ ಯಾರಿಗೂ ಹೇಳಲು ಸಾಧ್ಯವಿಲ್ಲ, ನಿದ್ದೆ ಬಂದಿತ್ತು ಎನ್ನುವುದನ್ನು.

ಬೆಳಿಗ್ಗೆ ಅಕ್ಕೋರು ಕೋಲು ಹಿಡಿದು ಯಾರು ಎಂದು ಕೇಳಿದಾಗ ಸಂಗವ್ವ ಸುಮ್ಮನೆ ಬೈಸಿಕೊಂಡಿದ್ದರೆ, ಅತ್ತಿದ್ದರೆ, ನಾನಲ್ಲ ಎಂದು ಕೂಗಿದ್ದರೆ, ಶೀತಲ್ ಇಷ್ಟು ವರ್ಷದಲ್ಲಿ ಅದನ್ನು ಮರೆಯುತ್ತಿದ್ದಳೇನೋ. ಸಂಗವ್ವ ತನ್ನ ಲಂಗವನ್ನು ಮುಟ್ಟಿ ನೋಡಿಕೊಂಡಳು. ಬೆರಳನ್ನು ಮೂಸಿ ನೋಡಿದಳು. ಆಮೇಲೆ, ಯಾವುದೋ ದೂರದ ಸುದ್ದಿ ಕೇಳಿಸಿಕೊಂಡವಳ ಮುಖದಲ್ಲಿ, ‘ನಾನ ಇರಬೇಕ್ರಿ ಅಕ್ಕೋರ. ನನಗ ಗೊತ್ತಾಗಿಲ್ರಿ’ ಎಂದಳು. ನಂಬಿದಳು. ತಾನು ಮಾಡದೇ ಇದ್ದದ್ದನ್ನು ತಾನೇ ಮಾಡಿದ್ದೇನೆಂದು, ಎಲ್ಲರಿಗಿಂತ ಮೊದಲು, ಪೂರ್ತಿಯಾಗಿ ನಂಬಿದಳು.

ಮೊಣಕಾಲಿನ ಚಾರ್ಟಿನಲ್ಲಿ ಎಡವೋ ಬಲವೋ ಎಂದು ಮೂರು ಸಲ ಓದಿದರೂ ತಲೆಗೆ ಹೋಗಲಿಲ್ಲ. ಒಂದು ಗಂಟೆಗೆ ಶಿಲ್ಪ ಬಂದು ಅವಳ ಕುರ್ಚಿಯ ಬೆನ್ನು ತಟ್ಟಿದಳು. ‘ಬಾರೇ, ಹೊಟ್ಟೆ ಚುರುಗುಟ್ತಿದೆ. ಚಿತ್ರಾನ್ನ ತಂದಿದೀನಿ, ನಿನ್ನ ಪೀಜಿ ಡಬ್ಬಿ ತೆಗೀಬೇಡ, ಅದರ ವಾಸನೆಗೇ ನಂಗೆ ಆಗಲ್ಲ.’

ಶಿಲ್ಪಗೆ ಮೂವತ್ತೈದಿರಬೇಕು, ಅಲ್ಲಾಳಸಂದ್ರದಲ್ಲಿ ಮನೆ, ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟು. ಶೀತಲ್ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅವಳ ವಿಜಯಪುರದ ಮಾತಿಗೆ ಇಡೀ ಸಾಲು ನಗುತ್ತಿದ್ದಾಗ, ‘ಸುಮ್ನಿರ್ರೋ, ನಿಮಗಿಂತ ನೆಟ್ಟಗೆ ಮಾತಾಡ್ತಾಳೆ’ ಎಂದು ಗದರಿದ್ದವಳು ಅವಳೊಬ್ಬಳೇ. ಕ್ಯಾಂಟೀನಿನಲ್ಲಿ ಶಿಲ್ಪ ಕಂಬದ ಮರೆಯ ಟೇಬಲ್ಲನ್ನೇ ಹುಡುಕಿ ಕೂತಳು. ಡಬ್ಬಿಯ ಮುಚ್ಚಳದಲ್ಲಿ ಅರ್ಧ ಚಿತ್ರಾನ್ನ ಸುರಿದು ಈ ಕಡೆ ತಳ್ಳಿದಳು.

‘ನೋಡ್ದಾ ಲಿಸ್ಟು?’

‘ನೋಡ್ದೆ ಅಕ್ಕ.’

‘ಆಕ್ಸೆಪ್ಟ್ ಒತ್ತಿಬಿಟ್ಟೆ ಕಣೇ. ಬೆಳಿಗ್ಗೇನೇ. ಏನು ವಾದ ಮಾಡೋದು, ನಂದೇ ತಪ್ಪು.’

ಶೀತಲ್‌ಳ ಕೈ ಕಡಲೆಬೀಜವೊಂದನ್ನು ಅನ್ನದಿಂದ ಬೇರೆ ಮಾಡುತ್ತಾ ನಿಂತಿತು. ‘ನಿಮ್ದೇ ಅಂತ ಹೆಂಗೆ ಗೊತ್ತು?’

‘ಗೊತ್ತಾಗತ್ತೆ ಬಿಡು. ಗುರುವಾರ ಪೂರ್ತಿ ಮಕ್ಕಳ ಚಾರ್ಟೇ ತಾನೆ ಬಂದಿದ್ದು? ಈ ಥರದ್ದೇ ಮೂರೋ ನಾಕೋ ಮಾಡಿದೀನಿ. ಯಾವುದಕ್ಕೆ ಏನು ಹಾಕ್ದೆ ನೆನಪಿಲ್ಲ, ಆದರೆ ಒಂದಕ್ಕೆ ಹಿಂಗೆ ಹಾಕಿರ್ತೀನಿ. ಕೈತಪ್ಪಿ ಅಲ್ಲ, ಬೇಕಂತ್ಲೇ ಹಾಕಿರ್ತೀನಿ.’ ಶಿಲ್ಪ ಸುತ್ತ ನೋಡಿ ದನಿ ಇಳಿಸಿದಳು. ‘ನಿಂಗೆ ಹೇಳ್ತೀನಿ, ಯಾರ ಹತ್ರಾನೂ ಅನ್ಬೇಡ. ನಮ್ಮ ಚಿನ್ನಿ ಇನ್ನೂ ಹಾಸಿಗೆ ಒದ್ದೆ ಮಾಡ್ಕೋತಾಳೆ. ಏಳು ತುಂಬ್ತು. ಡೇಕೇರಲ್ಲಿ ಮಧ್ಯಾಹ್ನ ಮಲಗಿಸ್ತಾರಲ್ಲ, ಅಲ್ಲೂ. ಗುರುವಾರ ಜ್ವರ ಅಂದ್ನಲ್ಲ, ಜ್ವರ ಗಿರ ಏನೂ ಇಲ್ಲ. ಅಲ್ಲಿನ ಆಯಮ್ಮ ಎಲ್ಲಾ ಮಕ್ಕಳ ಎದುರಿಗೇ ಅವಳ ಚಡ್ಡಿ ಎತ್ತಿ ಹಿಡ್ಕೊಂಡು ನಿಂತಿದ್ಲಂತೆ, ಮಗು ಬಾತ್‌ರೂಮ್ ಚಿಲಕ ಹಾಕ್ಕೊಂಡು ಕೂತಿತ್ತು. ಅದಕ್ಕೇ ಕಣೇ ವರ್ಕ್ ಫ್ರಮ್ ಹೋಮ್ ಬೇಕಿತ್ತು. ಮನೇಲೇ ಇದ್ರೆ ಸ್ಕೂಲಿಂದ ಸೀದಾ ಮನೇಗೆ ಬರ್ತಾಳೆ, ಒದ್ದೆ ಆದ್ರೆ ನಾನು ನೋಡ್ತೀನಿ, ಗೋಡೆ ನೋಡತ್ತೆ, ಇನ್ಯಾರು ನೋಡ್ತಾರೆ? ಇದನ್ನೆಲ್ಲ ತಲೇಲಿ ಇಟ್ಕೊಂಡು ಕೂತಿದ್ದೀನಲ್ಲ, ಯಾವುದೋ ಮಗೂಗೆ ಮನಸ್ಸಿನ ಕಾಯಿಲೆ ಅಂತ ಒತ್ತಕ್ಕೆ ಕೈ ಬಂದಿರಲ್ಲ. ನಾನೇ ಇರ್ಬೇಕು. ನಾನೇ.’

ಕ್ಯಾಂಟೀನಿನಲ್ಲಿ ಯಾರೋ ತಟ್ಟೆ ಬೀಳಿಸಿದರು, ಯಾರೋ ‘ಹೋಯ್’ ಎಂದು ಚಪ್ಪಾಳೆ ತಟ್ಟಿದರು. ಶೀತಲ್‌ಗೆ ಇಷ್ಟು ಸಲೀಸಾದ ಬಿಡುಗಡೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅವಳು ಏನೂ ಮಾಡಬೇಕಾಗಿರಲಿಲ್ಲ, ‘ಹೋಗ್ಲಿ ಬಿಡಿ ಅಕ್ಕ’ ಎಂದರೆ ಸಾಕಾಗಿತ್ತು, ಆ ಮಾತು ಬಾಯಲ್ಲಿ ಚಿತ್ರಾನ್ನದ ಜೊತೆ ತಯಾರಾಗಿಯೂ ಇತ್ತು. ಕೂತಲ್ಲೇ, ಹಗಲು ಹೊತ್ತಿನಲ್ಲಿ, ಒಬ್ಬಳು ಎಚ್ಚರವಾಗಿರುವ ಹೆಂಗಸು ತಾನಾಗಿಯೇ ಉರುಳಿ ಒದ್ದೆಯ ಮೇಲೆ ಬಂದು ಮಲಗುತ್ತಿದ್ದಾಳೆ, ಈ ಸಲ ಕೈ ಕೊಡುವ ಶ್ರಮವೂ ಇಲ್ಲ.

‘ಅದು ನೀವಲ್ಲ ಅಕ್ಕ. ನಾನು. ನೀವು ಹೋದ್ಮೇಲೆ ಮಾಡಿದ ಎಂಟರಲ್ಲಿ ಕೊನೇದು.’

‘ಬಿಡೇ, ಸಮಾಧಾನಕ್ಕೆ ಹೇಳ್ಬೇಡ. ನಂಗೇನು ಗೊತ್ತಾಗಲ್ವಾ.’

‘ಸಮಾಧಾನಕ್ಕಲ್ಲ.’

‘ನೀನು ಎಫ್‌ಗೆ ಎನ್ ಹಾಕೋಳಲ್ಲ. ನಿಂದು ತೊಂಬತ್ತೊಂಬತ್ತು ಪರ್ಸೆಂಟು.’ ಶಿಲ್ಪ ನಕ್ಕು ಅವಳ ಕೈಯ ಮೇಲೆ ತಟ್ಟಿದಳು. ನಂಬಲಾರಳು. ತನ್ನ ತಪ್ಪನ್ನು ಅಷ್ಟು ಬಿಗಿಯಾಗಿ ಅಪ್ಪಿಕೊಂಡಿದ್ದಳು.

‘ಆ ಡಾಕ್ಟ್ರು ಕೊನೇಲಿ ಒಂದು ಸಾಲು ಬರ್ದಿದ್ರು. ಹುಡುಗಿ ಏನ್ ಕೇಳಿದ್ರೂ ಮಾತಾಡ್ಲಿಲ್ಲ, ಶೂ ನೋಡ್ತಾ ಕೂತಿದ್ಲು ಅಂತ. ನಿಮಗೆ ಅದು ನೆನಪಿದೆಯಾ?’

ಶಿಲ್ಪಳ ಕೈ ಅಲ್ಲೇ ನಿಂತಿತು. ನೆನಪಿರಲಿಲ್ಲ. ಅಂಥ ಸಾಲನ್ನು ಅವಳು ಓದಿದ್ದರೆ ಮರೆಯುವವಳಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ನಿಧಾನವಾಗಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಶೀತಲ್ ಆ ಮುಖವನ್ನೇ ನೋಡಿದಳು. ಮೊದಲು ಅಲ್ಲಿ ಬಂದದ್ದು ಸಿಟ್ಟಲ್ಲ, ಒಂದು ಬಗೆಯ ಖಾಲಿತನ, ಹೊತ್ತುಕೊಂಡಿದ್ದ ಸಾಮಾನನ್ನು ಯಾರೋ ಕಿತ್ತುಕೊಂಡಂತೆ. ಸಿಟ್ಟು ಅದರ ಹಿಂದೆ ಬಂತು.

‘ಮೂರು ತಿಂಗಳು ಕಣೇ,’ ಎಂದಳು ಶಿಲ್ಪ. ‘ಇನ್ನೊಂದು ಸಲ ಮೊದಲಿಂದ ಮೂರು ತಿಂಗಳು. ಅಲ್ಲೀತನಕ ಆ ಆಯಮ್ಮನ ಕೈಗೇ ಕೊಡ್ಬೇಕು ನಾನು ಮಗೂನ. ಓದಕ್ಕೆ ಬರಲ್ವಾ ನಿಂಗೆ? ದೇಹದಲ್ಲಿ ಕಾರಣ ಇಲ್ಲ ಅಂತ ಬರ್ದಿದ್ರೆ ಏನ್ ಹಾಕ್ಬೇಕು ಅಂತ ಫ್ರೆಷರ್‌ಗೂ ಗೊತ್ತು. ಯಾಕೆ ಹಾಕ್ದೆ?’

‘ನನಗೂ ಇತ್ತು.’

‘ಏನಿತ್ತು?’

‘ಚಿನ್ನಿಗೆ ಇರೋದು.’

ಅಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿಯೇ ಬಂತು, ತಡೆದುಕೊಳ್ಳಲು ಆಗಲಿಲ್ಲ. ಹಾಸ್ಟೆಲಿನ ಹಾಲ್, ಜಮಖಾನ, ಸಂಗವ್ವನ ಹೆಗಲು. ಹೇಳುತ್ತಾ ಹೇಳುತ್ತಾ ಬೆಂಗಳೂರಿನ ಮಾತು ಕಳಚಿಬಿದ್ದು ಊರ ಮಾತಾಯಿತು. ಶಿಲ್ಪ ತಿನ್ನಲಿಲ್ಲ, ಎದ್ದು ಹೋಗಲೂ ಇಲ್ಲ. ಕ್ಷಮಿಸು ಎಂದು ಕೇಳಬೇಕೆಂದು ಶೀತಲ್‌ಗೆ ಅನ್ನಿಸಿತು, ಆದರೆ ಯಾರ ಪರವಾಗಿ ಯಾರನ್ನು ಕೇಳುವುದು, ಸಂಗವ್ವನಿಗೆ ಕೊಡಬೇಕಾದದ್ದನ್ನು ಅಲ್ಲಾಳಸಂದ್ರದ ಈ ಹೆಂಗಸಿನ ಕೈಯಲ್ಲಿ ಇಟ್ಟು ಹಗುರಾಗುವುದು ಯಾವ ನ್ಯಾಯ?

‘ಹೊಡೆದ್ರಾ ಅವಳಿಗೆ?’ ಎಂದಳು ಶಿಲ್ಪ.

‘ಇಲ್ಲ. ಹಾಸಿಗೆ ಕೊಡಿಕಂಬದ ಹತ್ರ ಹಾಕಿದ್ರು, ಅಷ್ಟ. ಹೊಡೆದಿದ್ರ ಚಲೋ ಇತ್ತು ಅಕ್ಕ. ಅವತ್ತಿಂದ ಆಕಿ ಮಧ್ಯಾಹ್ನದ ಊಟ ಆದಮ್ಯಾಲೆ ನೀರ ಕುಡೀಲಿಲ್ಲ. ಯಾರೂ ಹೇಳಿರಲಿಲ್ಲ ಆಕಿಗೆ. ತಾನ ಬಿಟ್ಟಳು. ಬ್ಯಾಸಿಗಿ, ನಮ್ಮ ಕಡೆ ಬಿಸಿಲು ಹೆಂಗಿರ್ತದ ಅಂತ ನಿಮಗ ಗೊತ್ತಿಲ್ಲ. ತುಟಿ ಒಡದು ರಕ್ತ ಬರ್ತಿತ್ತು. ಆಟ ಆಡಿ ಬಂದಮ್ಯಾಲೆ ಎಲ್ಲರೂ ನಳದ ಕಡೆ ಓಡಿದ್ರ ಆಕಿ ಕಂಬ ಹಿಡಕೊಂಡು ನಮ್ಮನ್ನ ನೋಡ್ತಾ ನಿಂತಿರ್ತಿದ್ಲು. ನಾನು ಆಕಿ ಎದುರಿಗೇ ಕುಡೀತಿದ್ದೆ. ಹೊಟ್ಟೆ ತುಂಬ ಕುಡೀತಿದ್ದೆ.’

ಶಿಲ್ಪ ಡಬ್ಬಿಯ ಮುಚ್ಚಳವನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದು ಶೀತಲ್ ಕಾದಳು. ಬೈದರೆ ಒಳ್ಳೆಯದಿತ್ತು.

‘ನಿಂಗೆ ಎಷ್ಟು ವರ್ಷದವರೆಗೂ ಇತ್ತು?’

ಒಂಬತ್ತು ಎನ್ನಬಹುದಾಗಿತ್ತು. ಏಳು ತುಂಬಿದ ಮಗುವಿನ ತಾಯಿಗೆ ಒಂಬತ್ತು ಎಂಬುದು ಹತ್ತಿರದ, ಕೈಗೆ ಸಿಗುವ ವಯಸ್ಸು.

‘ಹದಿಮೂರು ಮುಗಿಯೋವರೆಗೂ ಅಕ್ಕ.’

‘ಹದಿಮೂರು,’ ಎಂದಳು ಶಿಲ್ಪ. ‘ಆಮೇಲೆ ಏನು ಮಾಡ್ದೆ?’

‘ಏನೂ ಮಾಡ್ಲಿಲ್ಲ. ತಾನೇ ನಿಂತಿತು. ಯಾವ ದಿನ ನಿಂತಿತು ಅಂತಾನೂ ಗೊತ್ತಾಗ್ಲಿಲ್ಲ.’

ಶಿಲ್ಪ ಫೋನನ್ನು ಟೇಬಲ್ಲಿನ ಮೇಲೆ ಒಂದು ಬೆರಳಿನಿಂದ ತಿರುಗಿಸುತ್ತಾ ಕೂತಳು. ಆಮೇಲೆ ಅದನ್ನು ಎತ್ತಿ, ಶೀತಲ್‌ಳಿಂದ ಮುಖ ಪಕ್ಕಕ್ಕೆ ತಿರುಗಿಸಿ ಕೂತು, ಒಂದು ನಂಬರು ಒತ್ತಿದಳು.

‘ಹಲೋ, ಚಿನ್ನಿ ಅಮ್ಮ ಮಾತಾಡ್ತಿರೋದು. ಊಟ ಆಯ್ತಾ ಅವಳ್ದು?... ಮಲಗಿಸಿದ್ರಾ?... ಇನ್ನೂ ಇಲ್ವಾ, ಸರಿ. ಆಯಮ್ಮ, ಅವಳಿಗೆ ನೀರು ಕೊಡಿ.... ಹೌದು, ನಾನೇ ಹೇಳಿದ್ದೆ ಊಟ ಆದ್ಮೇಲೆ ಕೊಡ್ಬೇಡಿ ಅಂತ, ಗೊತ್ತು. ಈಗ ಕೊಡಿ ಅಂತಿದೀನಿ. ಒದ್ದೆ ಆದ್ರೆ ಆಗ್ಲಿ, ಬ್ಯಾಗಲ್ಲಿ ಬಟ್ಟೆ ಇದೆ.... ಇಲ್ಲ ಆಯಮ್ಮ, ಒಂದು ಗುಟುಕಲ್ಲ. ಲೋಟ ಅವಳ ಕೈಗೇ ಕೊಡಿ, ಅವಳು ಸಾಕು ಅನ್ನೋವರೆಗೂ ಕುಡೀಲಿ. ನಾನು ಲೈನಲ್ಲೇ ಇರ್ತೀನಿ.’